ವರ-ವಹಿವಾಟು ಮೀಮಾಂಸೆ: ಪುಣೆ ಕಾಂಡ

ಗಂಡೆಂದರೆ ಸಿನಿಮಾ ನಾಯಕನಂತಿರಬೇಕು, ಕಂಪನಿಯೆಂದರೆ ಕಣ್ಣಿಗೆ ಕಾಣುವ ಆಸ್ತಿ ಇರಬೇಕು: ಇದು ಪೂರ್ವಪಕ್ಷ. ಹೆಣ್ಣು ಹೆತ್ತವರೂ ಷೇರು ಕೊಳ್ಳುವವರೂ ಭಾಷ್ಯದ ಹಂಗಿಲ್ಲದೆ ಒಪ್ಪಿರುವ ಸೂತ್ರ. ಇದನ್ನು ಖಂಡಿಸಲು ಕಾಶಿಗೆ ಹೋಗಬೇಕಿಲ್ಲ. ಎಪ್ಪತ್ತರ ದಶಕದ ಪುಣೆ ಸಾಕು.

ಮೊದಲು ಅನುಮಾನ ಪ್ರಮಾಣ. ಹುಬ್ಬಳ್ಳಿಯ ಸುಧಾ ಕುಲಕರ್ಣಿ ಆಗ ಪುಣೆಯ ಟೆಲ್ಕೊದಲ್ಲಿ ಎಂಜಿನಿಯರ್. ಹೆಣ್ಣುಮಕ್ಕಳು ಅರ್ಜಿ ಹಾಕಬೇಕಿಲ್ಲ ಎಂದಿದ್ದ ಜಾಹೀರಾತು ನೋಡಿ, ಜೆ.ಆರ್.ಡಿ. ಟಾಟಾ ಅವರಿಗೇ ಕಾರ್ಡು ಗೀಚಿ ಗಿಟ್ಟಿಸಿದ ಕೆಲಸವದು. ಗೆಳೆಯ ಪ್ರಸನ್ನ ಓದಲು ಕೊಡುತ್ತಿದ್ದ ಪುಸ್ತಕಗಳ ಮೇಲೆ 'ಮೂರ್ತಿ' ಎಂಬ ಹೆಸರು, ಪಕ್ಕದಲ್ಲಿ ಇಸ್ತಾಂಬುಲ್, ಪೆಶಾವರದಂಥ ಊರು. ಇಷ್ಟು ದೇಶ ಸುತ್ತಿದವನು ಸ್ಫುರದ್ರೂಪಿಯೇ ಇರಬೇಕು! ಬಾಗಿಲು ತೆರೆದಾಗ ಪ್ರತ್ಯಕ್ಷವಾದದ್ದು ದಪ್ಪ ಕನ್ನಡಕದ ಸಣಕಲು ಹುಡುಗ. ಪ್ರತ್ಯಕ್ಷದೆದುರು ಅನುಮಾನ ನಿಲ್ಲದೆಂದು ನೈಯಾಯಿಕರು ಸುಮ್ಮನೆ ಹೇಳಿಲ್ಲ.

ಇನ್ನು ಶಬ್ದಪ್ರಮಾಣ. ನಾರಾಯಣ ಮೂರ್ತಿಯವರ ಪ್ರೇಮನಿವೇದನೆಯ ಸಾರಾಂಶ ಹೀಗಿದೆ: ಎತ್ತರ ಐದಡಿ ನಾಲ್ಕಂಗುಲ, ಕೆಳಮಧ್ಯಮ ವರ್ಗ, ಈ ಜನ್ಮದಲ್ಲಿ ಸಿರಿವಂತನಾಗುವ ಭರವಸೆಯಿಲ್ಲ. ಸರಕಿನ ದೋಷವನ್ನು ಮಾರುವವನೇ ಸಾರಿದ ಉದಾಹರಣೆ ವಧೂವರ ಸಾಹಿತ್ಯದಲ್ಲಿ ವಿರಳ. ಮೂರನೆಯದು ಮುಂದೆ ಶುದ್ಧ ಸುಳ್ಳಾಯಿತು. ಆಪ್ತವಾಕ್ಯವನ್ನೂ ನಂಬುವಂತಿಲ್ಲ.

ಹುಡುಗಿಯ ತಂದೆ ಡಾ. ಕುಲಕರ್ಣಿ ಪೂರ್ವಪಕ್ಷದ ಪ್ರಬಲ ಆಚಾರ್ಯರು. ಅವರ ಪರೀಕ್ಷೆಗೆ ವರ ಬಂದದ್ದು ತಡವಾಗಿ, ಅದೂ ಕೆಂಪಂಗಿ ತೊಟ್ಟು. ಮುಂದೇನು ಮಾಡುವೆ ಎಂದರೆ, ಕಮ್ಯುನಿಸ್ಟ್ ಪಕ್ಷ ಸೇರಿ ರಾಜಕಾರಣಿಯಾಗುವೆ, ಅನಾಥಾಲಯ ತೆರೆಯುವೆ ಎಂಬ ಉತ್ತರ. ಸಾಲದ್ದಕ್ಕೆ ವರನ ಮೊದಲ ಕಂಪನಿ ಸಾಫ್ಟ್ರಾನಿಕ್ಸ್ ಹುಟ್ಟಿ ಒಂದೂವರೆ ವರ್ಷಕ್ಕೇ ಕಣ್ಮುಚ್ಚಿತ್ತು. ಆಚಾರ್ಯರು ಅನುತ್ತೀರ್ಣವೆಂದು ತೀರ್ಪಿತ್ತರು. ಹೆಣ್ಣು ಕೊಡುವ ಯಾವ ತಂದೆಯಾದರೂ ಅದನ್ನೇ ಮಾಡುತ್ತಿದ್ದ. ಪಟ್ನಿ ಕಂಪ್ಯೂಟರ್ಸ್‌ನಲ್ಲಿ ಕೆಲಸ ಸಿಕ್ಕ ಮೇಲೆಯೇ 1978ರ ಫೆಬ್ರುವರಿಯಲ್ಲಿ ಮದುವೆ. ಖರ್ಚು 800 ರೂಪಾಯಿ, ಇಬ್ಬರದೂ ಸಮಪಾಲು.

ಈಗ ವಹಿವಾಟು. 1981ರಲ್ಲಿ ಅದೇ ವರ ಆ ಕೆಲಸ ಬಿಟ್ಟು, ಆರು ಜನರೊಡನೆ ಪುಣೆಯಲ್ಲಿ ಇನ್ಫೋಸಿಸ್ ಆರಂಭಿಸಿದರು. ಬಂಡವಾಳ ಹೆಂಡತಿ ಕೂಡಿಟ್ಟ 10,000 ರೂಪಾಯಿ; ಕಚೇರಿ ಮನೆಯೊಳಗೇ. ಅಡುಗೆ, ಗುಮಾಸ್ತಿಕೆ, ಪ್ರೋಗ್ರಾಮಿಂಗ್ ಮೂರೂ ಆಕೆಯ ಪಾಲಿಗೆ, ಮನೆ ನಡೆಸಲು ವಾಲ್‌ಚಂದ್ ಸಮೂಹದ ನೌಕರಿ ಬೇರೆ. ಆದರ್ಶ ಪತಿಯ ನಿರೀಕ್ಷೆಯನ್ನು ಯಾರು ಪೂರೈಸಿದರೆಂಬ ಪ್ರಶ್ನೆಯನ್ನು ಪಂಡಿತರು ಇಲ್ಲಿ ಜಾಣತನದಿಂದ ದಾಟುತ್ತಾರೆ.

1993ರಲ್ಲಿ ಕಂಪನಿಯೇ ವಧೂಪರೀಕ್ಷೆಗೆ ಕೂತಿತು. ಷೇರಿಗೆ 95 ರೂಪಾಯಿ. ಕೊಳ್ಳುವವರು ಸಾಲದೆ ಹೋದರು. ಮಾರ್ಗನ್ ಸ್ಟ್ಯಾನ್ಲಿ ಶೇ 13ರಷ್ಟು ಪಾಲು ಕೊಂಡು ಮಾನ ಉಳಿಸಿತು. ಚಿಮಣಿಯಿಲ್ಲದ ಕಂಪನಿಗೂ ಕೆಂಪಂಗಿಯ ವರನಿಗೂ ಪೇಟೆ ಒಂದೇ ದರ ಕಟ್ಟುತ್ತದೆಂಬುದು ಸಿದ್ಧಾಂತ.

ಒಂದು ಲೆಕ್ಕ ಮಾತ್ರ ಬಾಕಿ. ಪುಣೆಯ ದಿನಗಳಲ್ಲಿ ಹೋಟೆಲಿನ ಬಿಲ್ಲನ್ನು ಹೆಚ್ಚಾಗಿ ಸುಧಾ ಅವರೇ ಕೊಟ್ಟು ಬರೆದಿಡುತ್ತಿದ್ದರು. ಮೊತ್ತ 4,000 ರೂಪಾಯಿ ದಾಟಿತ್ತು. ಅಸಲೂ ಬರಲಿಲ್ಲ; ಮದುವೆಯಾದ ಮೇಲೆ ಆಕೆ ಆ ಪಟ್ಟಿ ಹರಿದು ಹಾಕಿದರು.