ದಡಿ ಕಾಕು

ಚಿತ್ತಾಪುರದ ಯಾವ ಮದುವೆಗೇ ಹೋಗಿ, ಮಂದಿಯೆಲ್ಲ ಅಕ್ಷತೆ ಹಿಡಿದು ಮದುಮಕ್ಕಳ ಕಡೆ ನೋಡುವಾಗ ಒಬ್ಬರು ಮಾತ್ರ ಮುಂದಿನ ಸಾಲಿನಲ್ಲಿ ಕೂತವರ ಸೀರೆಯ ಅಂಚನ್ನು ಎರಡು ಬೆರಳಲ್ಲಿ ಹಿಡಿದು ಹಿಂದುಮುಂದು ತಿರುವಿ ನೋಡುತ್ತಿರುತ್ತಾರೆ. ಸೀರೆಯ ಒಡತಿ ಹೊರಳಿ ನೋಡಿದರೆ, ‘ಎಲ್ಲಿ ತಗೊಂಡಿ ಯವ್ವಾ? ಬರೇ ದಡಿ ಸಿಗತದೇನು?’ ಎಂಬ ಪ್ರಶ್ನೆ. ಇವರೇ ದಡಿ ಕಾಕು. ರೇಷನ್ ಕಾರ್ಡಿನಲ್ಲಿ ಬೇರೆ ಹೆಸರಿದೆ, ಅದು ರೇಷನ್ ಅಂಗಡಿಯವನಿಗೆ ಮಾತ್ರ ಗೊತ್ತು. ಸೇಡಂನಲ್ಲಿ ಇಂಥವರೊಬ್ಬರನ್ನು ನಾನು ಬಲ್ಲೆ. ವಾಡಿಯಲ್ಲಿ ಇಬ್ಬರಿದ್ದಾರೆ, ಇಬ್ಬರಿಗೂ ಮಾತಿಲ್ಲ. ಕಾರಣ ಒಂದು ಹಸಿರು ತುಂಡು.

ಕಾಕು ಒಂದು ಕೌದಿ ಹೊಲಿಸಬೇಕೆಂದಿದ್ದಾರೆ. ಸಂಗತಿ ಇಷ್ಟೇ. ನಮ್ಮ ಕಡೆ ಕೌದಿಗೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಹಳೆ ನೂಲಿನ ಸೀರೆ, ದೋತರ, ಅಂಗಿ ಒಗೆದು ಪದರ ಪದರವಾಗಿ ಹಾಸಿ, ಮೇಲೆ ಕೈಗೆ ಸಿಕ್ಕ ತುಂಡು ಹಚ್ಚಿ, ಅಂಚಿನಿಂದ ಸುತ್ತು ಹಾಕುತ್ತ ನಡುವಿಗೆ ಬರುವ ತನಕ ಹೊಲಿದರೆ ಮುಗಿಯಿತು. ಹಾಸಿದರೆ ಹಾಸಿಗೆ, ಹೊದ್ದರೆ ಹೊದಿಕೆ. ಮೇ ತಿಂಗಳಲ್ಲಿ ಬಿಸಿಲು 42–43 ಡಿಗ್ರಿ ಮುಟ್ಟುವ ಈ ಸೀಮೆಯಲ್ಲಿ ಹೊದೆಯುವ ಮಾತು ಕಡಿಮೆ. ಮಾಳಿಗೆಯ ಮೇಲೆ ಹಾಸಿಕೊಂಡು ಬೀಳುವುದೇ ಹೆಚ್ಚು. ಬಿದ್ದ ಮೇಲೆ ಕತ್ತಲಲ್ಲಿ ಯಾವ ತುಂಡಿನ ಬಾಜು ಯಾವ ತುಂಡು ಕೂತಿದೆ ಎಂದು ಯಾರು ನೋಡುತ್ತಾರೆ? ಕಾಕು ನೋಡುತ್ತಾರೆ.

ಯಾಕೆಂದರೆ ಅವರ ಕೌದಿ ಹರಕು ಬಟ್ಟೆಯದಲ್ಲ, ಟ್ರಂಕಿನದು. ಆ ಟ್ರಂಕಿನಲ್ಲಿ ಒಂದಕ್ಕೊಂದು ಜನ್ಮದಲ್ಲಿ ಕೂಡದ ಬಟ್ಟೆಗಳೇ ತುಂಬಿವೆ. ಮೊದಲನೆಯದು ಅತ್ತೆಯ ಇಲಕಲ್ ಸೀರೆಯ ಸೆರಗು. ಕೆಂಪು ನೆಲದ ಮೇಲೆ ಬಿಳಿ ಗೋಪುರಗಳ ಟೋಪ ತೆನಿ. ಮೈಗೂ ಸೆರಗಿಗೂ ಹಾಸುನೂಲನ್ನು ಕೊಂಡಿ ಹಾಕಿ ಕೂಡಿಸಿ ನೇಯ್ದದ್ದು, ಆ ಕೊಂಡಿಯ ಗೆರೆಯ ಮೇಲೆ ಕತ್ತರಿ ಇಡಲು ಕಾಕುಗೆ ಕೈ ಬಾರದು. ಎರಡನೆಯದು ತವರಿನಿಂದ ಬಂದ ಗುಳೇದಗುಡ್ಡದ ಖಣಗಳು. ಸೂಜಿಮಲ್ಲಿಗೆಯದು ಹೇಗಿಟ್ಟರೂ ನಡೆಯುತ್ತದೆ. ತೇರಿನದು ಹಾಗಲ್ಲ, ಕೌದಿಯನ್ನು ಒಂದು ಕಡೆಯಿಂದ ನೋಡಿದವರಿಗೆ ತೇರು ನೆಟ್ಟಗಿದ್ದರೆ ಎದುರು ಕಡೆಯವರಿಗೆ ಬುಡಮೇಲು. ಆಮೇಲೆ ಕಾಕಾನ ಅಜ್ಜನ ಹಿಮ್ರೂ ಶೇರವಾನಿ. ಚಿತ್ತಾಪುರ ನಿಜಾಮರ ಕೈಯಲ್ಲಿದ್ದಾಗ ಅಜ್ಜ ಕಚೇರಿಯಲ್ಲಿ ಗುಮಾಸ್ತರು. 1948ರ ನಂತರ ಅದನ್ನು ತೊಡುವ ಪ್ರಸಂಗ ಬರಲಿಲ್ಲ, ಒಗೆಯುವ ಧೈರ್ಯವೂ ಯಾರಿಗೂ ಬರಲಿಲ್ಲ. ಔರಂಗಾಬಾದಿನ ಹಿಮ್ರೂ ಅಂದರೆ ಹಾಸು ಹತ್ತಿ, ಹೊಕ್ಕು ರೇಷ್ಮೆ. ನೀರು ಮುಟ್ಟಿದರೆ ಹತ್ತಿ ಒಂದು ಕಡೆ ಜಗ್ಗುತ್ತದೆ, ರೇಷ್ಮೆ ಇನ್ನೊಂದು ಕಡೆ ಮುನಿಯುತ್ತದೆ.

ಇಷ್ಟು ಸಾಲದೆಂದು ತಾಂಡಾದ ಗೆಳತಿ ಕೊಟ್ಟ ಲಂಬಾಣಿ ಕಸೂತಿಯ ತುಂಡೂ ಇದೆ. ಕನ್ನಡಿ, ಕವಡೆ, ಗೆಜ್ಜೆ ಸಮೇತ. 2023ರ ಜುಲೈಯಲ್ಲಿ ಹಂಪಿಯ ಜಿ-20 ಸಭೆಯ ಹೊತ್ತಿಗೆ ಸಂಡೂರಿನ ಲಂಬಾಣಿ ಹೆಣ್ಣುಮಕ್ಕಳು 1,755 ಕಸೂತಿ ವಸ್ತುಗಳನ್ನಿಟ್ಟು ಗಿನ್ನೆಸ್ ದಾಖಲೆ ಮಾಡಿದಾಗಿನಿಂದ ಕಾಕು ಆ ತುಂಡನ್ನು ಬೇರೆ ಪ್ಲಾಸ್ಟಿಕ್ ಚೀಲದಲ್ಲಿ ಇಟ್ಟಿದ್ದಾರೆ. ಕೌದಿಯ ಮೇಲೆ ಕನ್ನಡಿ ಕೂಡಿಸಿದರೆ ಮಲಗಿದವನ ಮಗ್ಗುಲಿಗೆ ಚುಚ್ಚುತ್ತದೆ ಎಂದು ಕಾಕಾ ಒಮ್ಮೆ ಅಂದಿದ್ದರು. ‘ನಿಮಗ ಮಕ್ಕೋಳ್ಳಿಕ್ಕ ಹೊಲಸ್ಲತ್ತೀನೇನು?’ ಎಂದು ಉತ್ತರ ಬಂತು. ಮತ್ತೆ ಯಾರಿಗೆ ಎಂದು ಕಾಕಾ ಕೇಳಲಿಲ್ಲ. ಸಿಮೆಂಟ್ ಫ್ಯಾಕ್ಟರಿಯ ಧೂಳಿನಲ್ಲಿ ನೌಕರಿ ಮುಗಿಸಿ ಬಂದ ಮನುಷ್ಯ, ಎಲ್ಲಿ ಬಾಯಿ ಮುಚ್ಚಬೇಕೆಂದು ತಿಳಿದವರು.

ನಮೂನೆ ಕೂಡಿಸುವ ಕೆಲಸ ನಡುಮನೆಯಲ್ಲಿ. ಶಹಾಬಾದ್ ಫರಸಿಯ ನೆಲ, ಒಂದೊಂದು ಕಲ್ಲು ಎರಡು ಫೂಟಿನ ಚೌಕ. ಟೇಪು ಬೇಕಿಲ್ಲ, ಸಂದುಗಳೇ ಅಳತೆ. ಕಾಕು ತುಂಡುಗಳನ್ನು ಹರಡಿ, ಸ್ಟೂಲಿನ ಮೇಲೆ ಹತ್ತಿ ನಿಂತು ನೋಡುತ್ತಾರೆ. ಪಟ್ಟಿ ಪಟ್ಟಿ ಇಡುವುದೋ, ಚೌಕದೊಳಗೆ ಚೌಕ ಇಡುವುದೋ, ತ್ರಿಕೋನ ಕತ್ತರಿಸುವುದೋ? ತ್ರಿಕೋನಕ್ಕೆ ಓರೆಯಾಗಿ ಕತ್ತರಿಸಬೇಕು, ಓರೆ ಕತ್ತರಿಸಿದ ಬಟ್ಟೆ ಹೊಲಿಯುವಾಗ ಜಗ್ಗಿ ಉದ್ದವಾಗುತ್ತದೆ. ಪಟ್ಟಿಯಾದರೆ ತೇರಿನ ಖಣ ಉಳಿಯುತ್ತದೆ, ಇಲಕಲ್ಲಿನ ಗೋಪುರ ಅಡ್ಡ ಬೀಳುತ್ತದೆ. ಇದೆಲ್ಲ ಬಟ್ಟೆಯ ಕಷ್ಟ. ಬಟ್ಟೆಯ ಕಷ್ಟವಾಗಿದ್ದರೆ ಕಾಕು ಯಾವಾಗಲೋ ಗೆದ್ದಿರುತ್ತಿದ್ದರು.

ನಿಜವಾದ ತೊಡಕು ಬೇರೆ. ಅತ್ತೆಯ ಇಲಕಲ್ಲಿನ ಬಾಜು ನಡು ನಾದಿನಿಯ ಬನಾರಸಿ ಇಡುವಂತಿಲ್ಲ. ಅವರಿಬ್ಬರೂ ಬದುಕಿದ್ದಾಗಲೇ ಒಂದು ಜಮಖಾನೆಯ ಮೇಲೆ ಕೂತವರಲ್ಲ. ತವರಿನ ಖಣ ನಟ್ಟನಡುವೆ ಇಟ್ಟರೆ ಗಂಡನ ಮನೆಯವರು ‘ಹಾಂ, ಗೊತ್ತಿತ್ತು ಬಿಡು’ ಅಂತಾರೆ. ಮೂಲೆಗಿಟ್ಟರೆ ಚಿಂಚೋಳಿಯಿಂದ ತಮ್ಮನ ಫೋನು ಬರುತ್ತದೆ. ಸೊಸೆಯ ಮದುವೆಯ ಲೆಹಂಗಾದ ತುಂಡು ಇಡದಿದ್ದರೆ ಸೊಸೆ ಏನೂ ಅನ್ನುವುದಿಲ್ಲ, ಅದೇ ಅಂಜಿಕೆ. ಇದು ಮದುವೆಯೂಟದ ಪಂಗ್ತಿ ಕೂಡಿಸಿದ ಹಾಗೆ. ಯಾರ ಮಗ್ಗುಲಿಗೆ ಯಾರು, ಯಾರಿಗೆ ಮೊದಲ ಎಲೆ ಎಂಬುದು ಬಗೆಹರಿಯದೆ ಅನ್ನ ಆರಿಹೋಗುತ್ತದೆ. ‘ಕೆಂಪಿಗೆ ಹಸರ ಹೊಂದತದ, ಹಳದಿಗೆ ನೀಲಿ ಹೊಂದತದ’ ಎಂದು ಕಾಕು ನಿಟ್ಟುಸಿರು ಬಿಡುತ್ತಾರೆ. ‘ಉಟ್ಟವ್ರು ಹೊಂದಬೇಕಲ್ಲ!’

ಹೀಗಾಗಿ ಜಗಳವಿಲ್ಲದ ಒಂದು ದಡಿ ಬೇಕಾಯಿತು, ಎಲ್ಲರನ್ನೂ ಸುತ್ತಿ ಹಿಡಿದಿಡುವಂಥದ್ದು. ಲೆಕ್ಕ ಸುಲಭ. ಐದು ಫೂಟು ಅಗಲ, ಏಳು ಫೂಟು ಉದ್ದದ ಕೌದಿಗೆ ಸುತ್ತಳತೆ 24 ಫೂಟು, ಅಂದರೆ ಎಂಟು ಗಜ. ಆರು ಗಜದ ಯಾವ ಸೀರೆಯಲ್ಲೂ ಎರಡು ಕಡೆಯ ದಡಿ ಸೇರಿದರೆ ಹನ್ನೆರಡು ಗಜ, ಮೂಲೆ ತಿರುಗಿಸಲು ಬಿಟ್ಟರೂ ಉಳಿಯುತ್ತದೆ. ಆದರೆ ಯಾರ ಸೀರೆ? ಅಲ್ಲಿಗೆ ಮತ್ತೆ ಪಂಗ್ತಿ ಕೆಟ್ಟಿತು. ಅಂಗಡಿಯಿಂದ ಹೊಸದು ತರುವುದೇ ನ್ಯಾಯವೆಂದು ಕಾಕು ತೀರ್ಮಾನಿಸಿ, ಎಲ್ಲ ತುಂಡಿನ ಒಂದೊಂದು ಚೂರನ್ನು ಪರ್ಸಿನಲ್ಲಿಟ್ಟುಕೊಂಡು ಹೊರಟರು.

ಕಲಬುರಗಿಯ ಕಪಡಾ ಬಜಾರಿನ ಅಂಗಡಿಕಾರರು ಈಗ ಅವರನ್ನು ದೂರದಿಂದಲೇ ಗುರುತಿಸುತ್ತಾರೆ. ಹುಡುಗನನ್ನು ಚಹಾಕ್ಕೆ ಕಳಿಸುತ್ತಾರೆ, ತಾವೂ ಅವನ ಹಿಂದೆ ಹೋಗುತ್ತಾರೆ. ಚಿತ್ತಾಪುರದಿಂದ ರೈಲು ಹತ್ತಿದರೆ ಸೇಡಂ, ತಾಂಡೂರು ದಾಟಿ ಹೈದರಾಬಾದು. ಚಾರಮಿನಾರಿನ ಲಾಡ್ ಬಜಾರಿನಲ್ಲಿ ಜರಿಪಟ್ಟಿಯ ರಾಶಿಯೇ ಇದೆ. ಅಲ್ಲಿ ಒಂದು ಪಟ್ಟಿ ಹಿಮ್ರೂಗೆ ಒಪ್ಪಿತು, ಇಲಕಲ್ಲಿಗೆ ಒಪ್ಪಲಿಲ್ಲ. ಇನ್ನೊಂದು ಇಲಕಲ್ಲಿಗೆ ಒಪ್ಪಿತು, ಲಂಬಾಣಿಯ ತುಂಡು ಅದನ್ನು ನುಂಗಿಹಾಕಿತು. ಇಲಕಲ್ಲಿನವರ ಚಿಕ್ಕಿ ಪರಾಸ ಬೇಕೋ, ಗೋಮಿ ಬೇಕೋ, ಗಾಡಿ ದಡಿ ಬೇಕೋ ಎಂದು ಹಾದಿಯುದ್ದಕ್ಕೂ ಎದುರಿನ ಸೀಟಿನವರನ್ನು ಕೇಳುತ್ತ ಬಂದರಂತೆ. ಎದುರಿನ ಸೀಟಿನವರು ಸಿಕಂದರಾಬಾದಿನ ಟಿ.ಸಿ.

ಓಣಿಯ ಹೆಣ್ಣುಮಕ್ಕಳೆಲ್ಲ ಸನ್ನತಿಯ ಚಂದ್ರಲಾಂಬಾ ದರ್ಶನಕ್ಕೆ ಹೋದಾಗ ಕಾಕುವನ್ನು ಬಾಜುವಿನ ಕನಗನಹಳ್ಳಿಗೂ ಕರೆದೊಯ್ದರು. ಅಲ್ಲಿ ಸ್ತೂಪದ ಶಿಲ್ಪದ ಹಲಗೆಗಳಲ್ಲಿ ಅಶೋಕ ಚಕ್ರವರ್ತಿಯೇ ನಿಂತಿದ್ದಾನೆ, ಬ್ರಾಹ್ಮಿಯಲ್ಲಿ ಹೆಸರು ಕೆತ್ತಿದೆ, ಅದನ್ನು ನೋಡಲು ದೇಶವಿದೇಶದಿಂದ ಪಂಡಿತರು ಬರುತ್ತಾರೆ. ಮೊಮ್ಮಗಳು ‘ಅಜ್ಜಿ, ರಾಜಾ ನೋಡು’ ಎಂದಳು. ಕಾಕು ಮೊಬೈಲು ತೆಗೆದು ಹಲಗೆಯ ಅಂಚಿನ ಫೋಟೊ ಹೊಡೆದರು. ‘ರಾಜಾ ಎಲ್ಲಿ ಹೋಗ್ತಾನ, ಇರಲಿ ಬಿಡು. ಕಲ್ಲಿನ್ಯಾಗ ದಡಿ ಹ್ಯಾಂಗ ತಂದಾರ ನೋಡು.’ ಆ ಫೋಟೊ ಈಗ ಕಪಡಾ ಬಜಾರಿನಲ್ಲಿ ಓಡಾಡುತ್ತಿದೆ, ಇಂಥದೇ ಬೇಕೆಂದು.

ಅದೇ ಮೊಮ್ಮಗಳು ಅಮೆರಿಕದ ಅಲಬಾಮಾದ ಗೀಸ್ ಬೆಂಡ್ ಎಂಬ ಹಳ್ಳಿಯ ಕೌದಿಗಳನ್ನೂ ತೋರಿಸಿದ್ದಳು. ಅಲ್ಲಿನ ಕಪ್ಪು ಜನರ ಹೆಣ್ಣುಮಕ್ಕಳು ಹೊಲದ ಕೆಲಸದ ಪ್ಯಾಂಟು, ಅಂಗಿ ಕತ್ತರಿಸಿ ಹೊಲಿದವು. 2002ರಲ್ಲಿ ಹ್ಯೂಸ್ಟನ್ನಿನ ಮ್ಯೂಸಿಯಮ್ಮಿನ ಗೋಡೆ ಏರಿದವು. ಕಾಕು ಕನ್ನಡಕ ಏರಿಸಿ ಬಹಳ ಹೊತ್ತು ನೋಡಿ, ‘ಚೌಕದಾಗ ಚೌಕ. ನಮ್ಮ ಮಂದೀದೇ ಕೈ’ ಅಂದರು. ಅವರ ಬಾಯಿಂದ ಇದಕ್ಕಿಂತ ದೊಡ್ಡ ಪ್ರಶಸ್ತಿ ನಾನು ಕೇಳಿಲ್ಲ.

ಕೊನೆಗೆ ಊರೂರು ತಿರುಗಿ ಕೌದಿ ಹೊಲಿದುಕೊಡುವ ಮುದುಕಿಯೊಬ್ಬಳು ಓಣಿಗೆ ಬಂದಳು. ಕಾಕು ತುಂಡುಗಳ ಪುರಾಣ ಶುರು ಮಾಡಿದರು, ಮುದುಕಿ ಎಲೆಯಡಿಕೆ ಹಾಕಿಕೊಳ್ಳುತ್ತ ಕೇಳಿದಳು. ಪುರಾಣ ನಾದಿನಿಯ ಬನಾರಸಿಗೆ ಬರುವಷ್ಟರಲ್ಲಿ ಅವಳು ತುಂಡುಗಳನ್ನು ಫರಸಿಯ ಮೇಲೆ ಪಟಪಟನೆ ಎಸೆದು ಮುಗಿಸಿದ್ದಳು. ನಡುವೆ ಹಿಮ್ರೂ. ಸುತ್ತ ಖಣ, ತೇರುಗಳ ತಲೆ ನಾಲ್ಕೂ ದಿಕ್ಕಿಗೆ. ಅತ್ತೆಯ ಬಾಜು ನಾದಿನಿ.

‘ಯವ್ವಾ, ಅವರಿಬ್ರಿಗೂ ಆಗತಿದ್ದಿಲ್ಲ!’

‘ಈಗ ಆಗತದ ತಗೋರಿ’ ಎಂದಳು ಮುದುಕಿ, ಸೂಜಿಗೆ ದಾರ ಪೋಣಿಸುತ್ತ. ‘ಕನ್ನಡೀದು ಗ್ವಾಡಿಗೆ ಹಾಕ್ರಿ, ಕೌದಿಗಿ ಬ್ಯಾಡ. ದಡಿ ಎಲ್ಲಿ ಅದ?’

ದಡಿ ಇರಲಿಲ್ಲ. ಮುದುಕಿ ಮೂಲೆಯಲ್ಲಿ ಮಡಿಸಿಟ್ಟ ಬಟ್ಟೆಗಳ ಮೇಲೆ ಕಣ್ಣಾಡಿಸಿ ಒಂದನ್ನು ಎಳೆದಳು. ಕಾಕಾನ ದೋತರ, ಸಣ್ಣ ಕೆಂಪು ದಡಿಯದು. ಒಗೆದೊಗೆದು ಬಣ್ಣ ಬಿಡುವುದೂ ಜಗ್ಗುವುದೂ ಯಾವಾಗಲೋ ಮುಗಿದಿತ್ತು. ಅತ್ತೆಯದಲ್ಲ, ತವರಿನದಲ್ಲ, ಸೊಸೆಯದಲ್ಲ. ಐದು ಗಜ ಉದ್ದ, ಎರಡು ಕಡೆ ಸೇರಿದರೆ ಹತ್ತು. ಕಾಕು ಸ್ಟೂಲಿನ ಮೇಲೆ ಹತ್ತಿ ನೋಡಿದರು. ಇಳಿದು ಇನ್ನೊಂದು ಮಗ್ಗುಲಿಂದ ನೋಡಿದರು. ತಪ್ಪು ಸಿಗಲಿಲ್ಲ, ಅದಕ್ಕೆ ಸ್ವಲ್ಪ ಬೇಸರವೂ ಆಯಿತು.

ಜಳಕ ಮುಗಿಸಿ ಟವೆಲ್ ಸುತ್ತಿಕೊಂಡು ಬಂದ ಕಾಕಾ, ‘ನನ್ನ ದೋತ್ರ ಎಲ್ಲಿ ಇಟ್ಟಿ?’ ಎಂದರು. ಯಾರೂ ತಲೆ ಎತ್ತಲಿಲ್ಲ. ಮುದುಕಿ ವಾಡಿಕೆಯಂತೆ ಕೊನೆಯ ಮೂಲೆಯಲ್ಲಿ ರೊಟ್ಟಿಯ ಚೂರು ಇಟ್ಟು ಹೊಲಿದು ಗಂಟು ಹಾಕುವ ತನಕ ಕಾಕು ಅಲ್ಲೇ ಕೂತಿದ್ದು, ಉಳಿದ ದಡಿಯನ್ನು ಮೊಳ ಹಾಕಿ ಅಳೆದರು.

‘ಎರಡು ಗಜ ಉಳೀತು. ಮೊಮ್ಮಗಳ ಕುಬಸಕ್ಕೊಂದು ತೊಟ್ಟಿಲ ಕೌದಿ ಆಗತದ.’

‘ಅಕಿ ಇನ್ನಾ ಎಂಟನೇತ್ತೆ ಓದ್ಲತ್ತಾಳ’ ಎಂದರು ಕಾಕಾ.

‘ಎರಡು ಫೂಟು ಅಗಲ, ಮೂರು ಫೂಟು ಉದ್ದ ಹಿಡದ್ರ ಸುತ್ತಳತಿ ಹತ್ತು ಫೂಟು. ಇನ್ನಾ ನಾಕು ಫೂಟು ಕಡಿಮಿ ಬೀಳತದ.’ ಹೀಗೆನ್ನುತ್ತ ಕಾಕು ಅಂಗಳದ ಹಗ್ಗದ ಕಡೆ ನೋಡಿದರು. ಅಲ್ಲಿ ಜೋಡಿಯ ಇನ್ನೊಂದು ದೋತರ ಒಣಗುತ್ತಿತ್ತು. ಕಾಕಾ ಟವೆಲ್ಲಿನಲ್ಲೇ ಓಡಿಹೋಗಿ, ಹಸಿ ಇದ್ದಂತೆಯೇ ಅದನ್ನು ಉಟ್ಟುಕೊಂಡರು.