ಹಿತ್ತಲ ತಾವರೆಯ ಜಾತಕ

ಪುಣೆಯ ಕೋಥರೂಡದಲ್ಲಿ ಹಿತ್ತಲು ನಮ್ಮದಾದರೂ ಅಲ್ಲಿ ತೋಡುವ ಗುಂಡಿ ಇಡೀ ಸೊಸೈಟಿಯದು. ಗುದ್ದಲಿಯ ಮೊದಲ ಸದ್ದಿಗೇ ಕಾಂಪೌಂಡಿನಾಚೆಯಿಂದ ‘ಕಾಯ್ ಚಾಲಲಂಯ್?’ ಎಂಬ ವಿಚಾರಣೆ. ತಾವರೆ ಕೊಳ ಎಂದೆ. ನೀರಿಗಿಂತ ಮೊದಲು ಸಲಹೆ ತುಂಬಿತು.

ಧಾರವಾಡದ ಅತ್ತೆ ಫೋನಿನಲ್ಲೇ ತೀರ್ಪಿತ್ತರು: ‘ನೀರು ಈಶಾನ್ಯಕ್ಕ ಇರಬೇಕು ನೋಡವಾ.’ ನಮ್ಮ ಈಶಾನ್ಯವನ್ನು ಮಾವಿನಮರ ಎಂದೋ ಆಕ್ರಮಿಸಿದೆ. ಅದರಡಿ ಕೊಳವಾದರೆ ಉದುರಿದೆಲೆ ಕೊಳೆತು ನೀರು ಕಪ್ಪಾಗುತ್ತದೆ. ಮೇಲಾಗಿ ತಾವರೆಗೆ ದಿನಕ್ಕೆ ಐದಾರು ಗಂಟೆ ನೇರ ಬಿಸಿಲು ಬೇಕು. ವಾಸ್ತುಪುರುಷ ತೋಟಗಾರಿಕೆ ಓದಿದವನಲ್ಲ. ಯಜಮಾನರ ಆಯ್ಕೆ ತಗ್ಗಿನ ಮೂಲೆ: ‘ಅಲ್ಲಿ ನೀರು ತಾನಾಗಿಯೇ ನಿಲ್ಲುತ್ತದಲ್ಲ!’ ನಿಲ್ಲುತ್ತದೆ. ಜುಲೈ ಮಳೆಗೆ ಕೆಸರೂ ಗುಲಾಬಿಯ ಗೊಬ್ಬರವೂ ಅಲ್ಲಿಗೇ ಬಂದು, ತಾವರೆಯ ಬದಲು ಪಾಚಿ ಬೆಳೆಯುತ್ತದೆ.

ಸೂರ್ಯನನ್ನೇ ಕೇಳೋಣವೆಂದು ಗಂಟೆಗೊಮ್ಮೆ ನೆರಳಿನ ಅಂಚಿಗೆ ರಂಗೋಲಿ ಗೆರೆ ಎಳೆದೆ. ಯಾವ ಹಬ್ಬವೆಂದು ಪಕ್ಕದ ಕಾಕು ಕೇಳಿದರು. ದಕ್ಷಿಣದ ಹಳೆ ಬಂಗಲೆ ರೀಡೆವಲಪ್‌ಮೆಂಟಿಗೆ ಹೋಗಿ ಗೋಪುರವಾಗಿದೆ. ಮೇ ತಿಂಗಳಲ್ಲಿ ನೆತ್ತಿಗೇರುವ ಸೂರ್ಯ ಡಿಸೆಂಬರಿನಲ್ಲಿ ಅದರ ಹಿಂದೆ ಅಡಗುತ್ತಾನೆ. ಚಳಿಗೆ ತಾವರೆಯೂ ಮುದುಡಿ ಮಲಗುವುದರಿಂದ ಬಿಲ್ಡರನ್ನು ಕ್ಷಮಿಸಿದೆ.

ಜಾಗ ಸಿಕ್ಕಿತು, ಭೂಮಿ ಒಪ್ಪಲಿಲ್ಲ. ಗೇಣು ಮಣ್ಣು, ಆಮೇಲೆ ಮುರುಮ್ ಎಂಬ ಗರಸು, ಅದರಡಿ ಸುಮಾರು 6.6 ಕೋಟಿ ವರ್ಷದ ಹಿಂದಿನ ಲಾವಾ ಹೆಪ್ಪುಗಟ್ಟಿದ ಕರಿಬಂಡೆ. ಹಾರೆ ಕೆಳಗಿಟ್ಟ ಕೆಲಸದವ ವಿನಯದಿಂದ ಕೇಳಿದ: ‘ಸುರುಂಗ ಲಾವಾಯಚಾ ಕಾ?’ ತಾವರೆಗಾಗಿ ಸಿಡಿಮದ್ದು ಬೇಡವೆಂದು ಅರ್ಧ ಅಗೆದು ಅರ್ಧ ಇಟ್ಟಿಗೆಯಲ್ಲಿ ಎತ್ತರಿಸಿ, ಎರಡಡಿ ಆಳ ಸಾಧಿಸಿದೆವು. ಕಟ್ಟೆ ಎದ್ದದ್ದರಿಂದ ಕೆಸರು ಹೊರಗುಳಿಯಿತು. ಕಾಕುವಿಗೆ ಕೂರಲೂ ಜಾಗವಾಯಿತು.

ಅಲ್ಲಿ ಕೂತೇ ಅವರು ಇತಿಹಾಸ ತೆಗೆದರು. ಸಾರಸಬಾಗ್ ಉದ್ಯಾನದ ಕೆರೆ ಕಟ್ಟಿಸಿದವರು ನಾನಾಸಾಹೇಬ ಪೇಶ್ವೆ. ಈಗ ಅಲ್ಲಿ ಹುಲ್ಲುಹಾಸು, ಗಣಪತಿ ಮಾತ್ರ ಇನ್ನೂ ‘ತಳ್ಯಾತಲಾ’, ಅಂದರೆ ಕೆರೆಯೊಳಗಿನವನು. ‘ಪೇಶ್ವೆಯವರದೇ ಉಳಿಯಲಿಲ್ಲ, ನಿನ್ನದು?’ ಅವರ ಯಜಮಾನರು ನಗಲಿಲ್ಲ. 1961ರ ಜುಲೈ 12ರಂದು ಪಾನಶೇತ್ ಅಣೆಕಟ್ಟು ಒಡೆದಾಗ ನದಿಯಂಚಿನ ಪೇಠೆಯ ಮನೆ ಕಳೆದುಕೊಂಡು ಇತ್ತ ಬಂದವರು. ‘ತುಂಬಿದರೆ ನೀರು ಎಲ್ಲಿಗೆ ಹೋಗುತ್ತದೆ?’ ಎಂದರು. ಎಲ್ಲರ ಮಾತಿನಲ್ಲಿ ಕೆಲಸಕ್ಕೆ ಬಂದದ್ದು ಅದೊಂದೇ. ಅಂದೇ ಬಾಳೆಗಿಡದ ಬುಡಕ್ಕೆ ಹೆಚ್ಚುನೀರಿನ ಕೊಳವೆ ಹಾಕಿಸಿದೆ. ಡೆಂಗೀ ಭಯಸ್ಥರ ಬಾಯಿ ಮುಚ್ಚಲು ಗಪ್ಪಿ ಮೀನು ಬಂದವು. ಅವು ಸೊಳ್ಳೆಮರಿ ತಿನ್ನುತ್ತವೆ, ಸಲಹೆ ಕೊಡುವುದಿಲ್ಲ.

ಮೊದಲ ಹೂ ಅರಳಿದಾಗ ಕಾಕು ಊಟ ಮುಗಿಸಿ, ನೆಂಟರನ್ನು ಕರಕೊಂಡು ನೋಡಲು ಬಂದರು. ಬೆಳಕು ಹರಿಯುವಾಗ ತೆರೆದ ತಾವರೆ, ಪುಣೆಯ ಹಳೆ ಅಂಗಡಿಗಳಂತೆ, ಮಧ್ಯಾಹ್ನ ಬಾಗಿಲು ಹಾಕಿತ್ತು. ಕಾಕು ಬೇಸರಿಸಲಿಲ್ಲ. ‘ನಮ್ಮವಳೇ’ ಎಂದು ನೆಂಟರಿಗೆ ಹೆಮ್ಮೆಯಿಂದ ಪರಿಚಯಿಸಿದರು. ಸಂಜೆಯೊಳಗೆ ಕಟ್ಟೆಯ ಮೇಲೆ ಅವರೇ ಬರೆದ ಪುಣೇರಿ ಪಾಟಿ, ಅಂದರೆ ಕುಟುಕು ಮಾತಿನ ಫಲಕ, ನಿಂತಿತ್ತು: ‘ಕಮಲ ದರ್ಶನ ಬೆಳಿಗ್ಗೆ ಮಾತ್ರ. ಚುನಾವಣೆಗೂ ಇದಕ್ಕೂ ಸಂಬಂಧವಿಲ್ಲ. ಸಲಹೆ ಕೇಳಿಲ್ಲ.’