ತಿಥಿಯಾದ ಮೇಲೂ ಡ್ಯೂಟಿಗೆ ಬರುವ ಪಿಎಚ್‌ಪಿ 5.6 ಅವರಿಗೆ

ಸ್ವರ್ಗಸ್ಥರಾದ ಪಿಎಚ್‌ಪಿ 5.6 ಅಜ್ಜನವರಿಗೆ ಸಾಷ್ಟಾಂಗ ನಮಸ್ಕಾರಗಳು.

ಉಭಯ ಕುಶಲೋಪರಿ ಎಂದು ಬರೆಯಲು ಕೈ ಬರುತ್ತಿಲ್ಲ. ತಾವು ಹುಟ್ಟಿದ್ದು 2014ರ ಆಗಸ್ಟ್‌ನಲ್ಲಿ. 2018ರ ಡಿಸೆಂಬರ್ 31ಕ್ಕೆ ಸೆಕ್ಯುರಿಟಿ ಪ್ಯಾಚೂ ನಿಂತು ತೀರಿಕೊಂಡಿರಿ. ನಾಲ್ಕು ವರ್ಷ ನಾಲ್ಕು ತಿಂಗಳಲ್ಲಿ ಬಾಲ್ಯ, ಮುಪ್ಪು, ಮರಣ ಎಲ್ಲ ಮುಗಿಸಿದ ಪುಣ್ಯಾತ್ಮರು! ಆದರೂ ನಮ್ಮ ಆಫೀಸಿನ ಸರ್ವರ್‌ನಲ್ಲಿ ಇವತ್ತು ಬೆಳಗ್ಗೆ ಒಂಬತ್ತೂವರೆಗೆ ಬದುಕಿರುವವರ ಹಾಜರಿ ತೆಗೆದುಕೊಂಡವರು ತಾವೇ.

ಹಾಜರಿಯ ಅಪ್ಲಿಕೇಶನ್ ಬರೆದ ಹುಡುಗ ಕೆಲಸ ಬಿಟ್ಟು ಯಾವ ಕಾಲವಾಯಿತೋ. ಫೈಲು ಫೈಲಿನಲ್ಲೂ ಹಳೆಯ ಮೈಎಸ್‌ಕ್ಯುಎಲ್ ಫಂಕ್ಷನ್ ಸುರಿದು ಹೋಗಿದ್ದಾನೆ. ಅವು ಬೇಡವೆಂದು ನಿಮ್ಮಣ್ಣ 5.5 ಆಗಲೇ ಗೊಣಗಿದ್ದರು. 2015ರಲ್ಲಿ ಬಂದ 7.0 ಕತ್ತು ಹಿಡಿದು ಹೊರಗೆ ಹಾಕಿತು. (ನಡುವಿನ 6 ಎಲ್ಲಿ ಎನ್ನಬೇಡಿ. ಪುಸ್ತಕಗಳೂ ಅಚ್ಚಾಗಿದ್ದವು, ಕುಲಾವಿ ಹೊಲಿದರು, ಕೂಸೇ ಬರಲಿಲ್ಲ.)

ಹೋದ ತಿಂಗಳು ಬಿಲ್ಲಿಂಗಿಗೆಂದು ಲಾರಾವೆಲ್ 11ರ ಹೊಸ ಅಪ್ಲಿಕೇಶನ್ ಬಂತು. 8.2ಕ್ಕಿಂತ ಕೆಳಗಿನ ಪಂಕ್ತಿಯಲ್ಲಿ ಕೂರುವುದಿಲ್ಲವೆಂಬ ಮಡಿ ಅದಕ್ಕೆ. ನಮ್ಮ ಅಪಾಚೆಯೊಳಗೆ ಪಿಎಚ್‌ಪಿ ಮಾಡ್ಯೂಲ್ ಎಂಬ ಒಂದೇ ಒಲೆ. ಒಂದು ಕಾಲಕ್ಕೆ ಒಂದೇ ವರ್ಷನ್ ಬೇಯುತ್ತದೆ. ಶನಿವಾರ ರಾತ್ರಿ ತಮ್ಮನ್ನು ಇಳಿಸಿ 8.2 ಇಟ್ಟೆ. ಸೋಮವಾರ ಹಾಜರಿಯ ಪುಟ ಪಂಚೆಯಂತೆ ಬೆಳ್ಳಗಿತ್ತು. ಲಾಗ್ ತೆರೆದರೆ, ಮೈಎಸ್‌ಕ್ಯುಎಲ್ ಕನೆಕ್ಟ್ ಎಂಬ ಫಂಕ್ಷನ್ನೇ ಇಲ್ಲ ಎಂಬ ಒಂದೇ ರಗಳೆ, ಸಾಲು ಸಾಲು.

"ಶುಕ್ರವಾರದವರೆಗೂ ಓಡ್ತಿತ್ತಲ್ರೀ, ಯಾಕ್ರೀ ಮುಟ್ಟೋಕೆ ಹೋದ್ರಿ?" ಎಂದರು ಮ್ಯಾನೇಜರ್ ಸಾಹೇಬರು.

ಕೊನೆಗೆ ಹಿಸ್ಸೆ ಮಾಡಿದೆ. ಎಫ್‌ಪಿಎಂ ಹಾಕಿ ಎರಡು ಒಲೆ, ಎರಡು ಸಾಕೆಟ್. ಹಾಜರಿಗೆ ಬಂದವರು ಹಿತ್ತಲಿನ ತಮ್ಮ ಕೋಣೆಗೆ, ಬಿಲ್ಲಿಗೆ ಬಂದವರು ನಡುಮನೆಯ 8.2ರ ಬಳಿಗೆ. ಯಾರಿಗೂ ಯಾರ ಮುಖವೂ ಕಾಣದು. ಪಕ್ಕದ ಟೀಮಿನವರು ಡಾಕರ್ ಡಬ್ಬಿಯಲ್ಲಿ ಹಾಕಿ ಮುಚ್ಚಿ ಎಂದರು. ಮುಚ್ಚಬಹುದು, ವಾಸನೆ ತಡವಾಗಿ ಬರುತ್ತದೆ ಅಷ್ಟೆ. ತಮಗಿರುವ ತೂತುಗಳಿಗೆ ತೇಪೆ ಹಾಕುವವರು ಡಬ್ಬಿಯೊಳಗೂ ಇಲ್ಲ.

ನನ್ನ ಬುದ್ಧಿವಂತಿಕೆಗೆ ನಾನೇ ಹಣೆ ಚಚ್ಚಿಕೊಳ್ಳುತ್ತಿದ್ದೇನೆ ಅಜ್ಜ. ಪುಟ ಬೆಳ್ಳಗಿದ್ದಾಗ ತಮ್ಮ ಉತ್ತರಕ್ರಿಯೆಗೆ ಒಂದಿಷ್ಟು ದುಡ್ಡು ಕೇಳಬಹುದಿತ್ತು. ಈಗ ಎಲ್ಲ ಓಡುತ್ತಿದೆ. ತಮ್ಮ ಹೆಸರಿನ ಟಿಕೆಟ್ ಮೇಲೆ ಸಾಹೇಬರು "ನೆಕ್ಸ್ಟ್ ಕ್ವಾರ್ಟರ್" ಎಂದು ಬರೆದಿದ್ದಾರೆ, ನಾಲ್ಕನೇ ಸಲ.

ಇಂತಿ ತಮ್ಮ ಕೋಣೆಯ ಕಾವಲುಗಾರ.

ತಾ.ಕ.: ಹಾಜರಿ ಪುಟದಲ್ಲಿ ರಜೆ ಕೇಳಲು ಒಂದು ಹೊಸ ಬಟನ್ ಬೇಕಂತೆ. ನಾಳೆ ಸ್ವಲ್ಪ ಬೇಗ ಏಳಿ.